ಮೆಮೊರಿ ಕಾರ್ಡ್ ಕೈಕೊಟ್ಟಾಗ ಮೊದ್ಲು ಏನ್ ಮಾಡ್ಬೇಕು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಮೊರಿ ಕಾರ್ಡಿನ ಗೋಳೇ ಇತ್ತು, ಹಂಗಾಗಿ ಈ ಸಂಚಿಕೆಯ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ. ಎಲ್ಲಾ ನಮ್ಮ ದಾವಣಗೆರೆ, ಚಿತ್ರದುರ್ಗ ಕಡೆಯವ್ರೇ ಬರ್ದಿರೋದು. ಹೆಸರು ಹಾಕಿಲ್ಲ, ಊರಷ್ಟೇ ಹಾಕಿದೀನಿ.

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಅಪ್ಪಾಜಿ ತೀರ್ಕೊಂಡು ಒಂದು ವರ್ಷ ಆಯ್ತು. ಅವ್ರು ಇದ್ದಾಗ ತೆಗ್ದಿದ್ದ ವಿಡಿಯೋ, ದುಗ್ಗಮ್ಮನ ಜಾತ್ರೇಲಿ ನನ್ನ ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡಿರೋ ಫೋಟೋ ಎಲ್ಲಾ ನನ್ನ ಹಳೇ ಫೋನಿನ 32 ಜಿಬಿ ಕಾರ್ಡಲ್ಲಿ ಅದಾವೆ. ಈಗ ಸ್ವಲ್ಪ ದಿನದಿಂದ ಒಂದ್ಸಲ ಕಾರ್ಡ್ ತೋರಿಸ್ತೈತೆ ಒಂದ್ಸಲ ಇಲ್ಲ, ಕೆಲವು ಫೋಟೋ ಅರ್ಧ ಬೂದಿ ಬಣ್ಣ ಆಗ್ಯಾವೆ. ಕಂಪ್ಯೂಟರಿಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡಿ ಅಂತೈತೆ. ಮೊಬೈಲ್ ಅಂಗಡಿಯವ್ರು, ಫಾರ್ಮ್ಯಾಟ್ ಮಾಡಿ ಆಮೇಲೆ ಸಾಫ್ಟ್‌ವೇರ್ ಹಾಕಿ ತೆಗ್ದುಕೊಡ್ತೀವಿ ಬಿಡಿ ಅಂದ್ರು. ಕೊಡ್ಲಾ ಬೇಡ್ವಾ?
– ಓದುಗಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಕೊಡ್ಬೇಡಿ ಅಕ್ಕಾ. ಮೊದ್ಲು ಆ ಕಾರ್ಡನ್ನ ಫೋನಿಂದ ತೆಗ್ದು ಒಂದು ಸಣ್ಣ ಕವರಲ್ಲಿ ಹಾಕಿ ಬೀರುವಲ್ಲಿಡಿ, ಆಮೇಲೆ ಇದನ್ನ ಓದಿ. ಬಂತಾ ಇಲ್ವಾ ಅಂತ ದಿನಾ ಹಾಕಿ ತೆಗ್ದು ನೋಡೋದು ನಿಲ್ಲಿಸಿ. ಫೋನಿಗೆ ಹಾಕಿದಾಗೆಲ್ಲಾ ಫೋನು ಅದರಲ್ಲಿ ಏನೋ ಒಂದು ಫೋಲ್ಡರ್ ಮಾಡತ್ತೆ, ಥಂಬ್‌ನೇಲ್ ಅಂದ್ರೆ ಫೋಟೋಗಳ ಸಣ್ಣ ನಕಲು ಬರಿಯತ್ತೆ, ವಿಂಡೋಸ್ ಕೂಡ ತನ್ನದೊಂದು ಫೋಲ್ಡರ್ ಹಾಕ್ಬಿಡತ್ತೆ, ಸಾಯ್ತಿರೋ ಕಾರ್ಡಿಗೆ ಬರೆಯೋ ಕೆಲಸದಷ್ಟು ಕಷ್ಟದ್ದು ಬೇರೆ ಇಲ್ಲ.

ನಿಮ್ಮದು ಡಿಲೀಟ್ ಆದ ಕೇಸಲ್ಲ, ಇದನ್ನ ಸರಿಯಾಗಿ ತಿಳ್ಕೊಳ್ಳಿ, ಯಾಕಂದ್ರೆ ಇಂಟರ್ನೆಟ್ಟಲ್ಲಿ ಸಿಗೋ ಸಲಹೆ ಮುಕ್ಕಾಲು ಪಾಲು ಡಿಲೀಟ್ ಆದವರಿಗೆ ಬರ್ದಿರೋದು. ಡಿಲೀಟ್ ಆದಾಗ ಕಾರ್ಡು ಗಟ್ಟಿಯಾಗೇ ಇರತ್ತೆ, ಹತ್ತು ಸಲ ಸ್ಕ್ಯಾನ್ ಮಾಡಿದ್ರೂ ಏನೂ ಆಗಲ್ಲ. ನಿಮ್ಮಲ್ಲಿ ಕಾರ್ಡೇ ಹೋಗ್ತಾ ಇದೆ. ಕಾರ್ಡಿನ ಒಳಗೆ ಡೇಟಾ ಇರೋದು ಚೂರು ಚೂರು ಎಲೆಕ್ಟ್ರಿಕ್ ಚಾರ್ಜ್ ಆಗಿ. ಬರ್ದು ಅಳಿಸಿ ಬರ್ದು ಅಳಿಸಿ ಆ ಸೆಲ್‌ಗಳು ಸವೆಯತ್ವೆ, ಚಾರ್ಜ್ ಸೋರಕ್ಕೆ ಶುರುವಾಗತ್ತೆ. ಸ್ವಲ್ಪ ಸೋರಿದ್ರೆ ಒಳಗಿರೋ ಕಂಟ್ರೋಲರ್ ಚಿಪ್ ಲೆಕ್ಕ ಹಾಕಿ ತಪ್ಪನ್ನ ತಾನೇ ಸರಿಮಾಡ್ಕೊಳ್ಳತ್ತೆ, ನಮಗೆ ಗೊತ್ತೂ ಆಗಲ್ಲ. ಅದರ ಕೈಮೀರಿದಾಗ ಆ ಜಾಗ ಓದಕ್ಕೆ ಬರಲ್ಲ, ನಿಮ್ಮ ಫೋಟೋದ ಅರ್ಧ ಬೂದಿ ಬಣ್ಣ ಆಗಿರೋದು ಹೆಚ್ಚಾಗಿ ಅದಕ್ಕೇ. ಕಂಟ್ರೋಲರ್ ತನ್ನ ಲೆಕ್ಕದ ಪಟ್ಟೀನೇ ಕಳ್ಕೊಂಡ್ರೆ ಇಡೀ ಕಾರ್ಡು ಒಂದೇ ಸಲಕ್ಕೆ ಮಾಯ. ಈಗ ಬಂದು ಹೋಗಿ ಮಾಡ್ತಿದೆ ಅಂದ್ರೆ ಇನ್ನೂ ಓದೋಕೆ ಅವಕಾಶ ಇದೆ ಅಂತ ಅರ್ಥ, ಆ ಅವಕಾಶ ಎಷ್ಟು ಸಲ ಸಿಗತ್ತೋ ಯಾರೂ ಹೇಳಕ್ಕಾಗಲ್ಲ. ಸಿಕ್ಕ ಓದನ್ನ ರಿಕವರಿ ಸಾಫ್ಟ್‌ವೇರಿನ ಸ್ಕ್ಯಾನಿಗೆ ಖರ್ಚು ಮಾಡ್ಬಾರ್ದು, ಇಡೀ ಕಾರ್ಡಿನ ನಕಲು ಇಳಿಸಿಕೊಳ್ಳೋಕೆ ಖರ್ಚು ಮಾಡ್ಬೇಕು. ಆ ನಕಲಿಗೆ ಇಮೇಜ್ ಅಂತಾರೆ. ಅದು ಕೈಗೆ ಬಂದ್ಮೇಲೆ ಏನು ಪ್ರಯೋಗ ಬೇಕಾದ್ರೂ ಅದರ ಮೇಲೇ, ಕಾರ್ಡು ಮತ್ತೆ ಮುಟ್ಟೋ ಹಾಗೇ ಇಲ್ಲ.

ಅಂಗಡಿಯವ್ರು ಹೇಳಿದ ಫಾರ್ಮ್ಯಾಟ್ ಯಾಕೆ ಬೇಡ ಅಂದ್ರೆ, ಕ್ವಿಕ್ ಫಾರ್ಮ್ಯಾಟ್ ಆದ್ರೆ ಫೈಲುಗಳ ಪಟ್ಟಿ ಅಳಿಸಿ ಹೊಸದು ಬರಿಯತ್ತೆ, ಫೋಟೋಗಳು ಉಳಿದ್ರೂ ಹೆಸರು, ಫೋಲ್ಡರ್ ಹೋಗತ್ತೆ, ಬರೆಯುವಾಗ್ಲೇ ಕಾರ್ಡ್ ಪೂರ್ತಿ ನಿಂತುಹೋಗೋದೂ ಇದೆ. ಕ್ವಿಕ್ ಅನ್ನೋ ಟಿಕ್ ತೆಗ್ದು ಮಾಡಿದ್ರಂತೂ ಮುಗೀತು, ವಿಂಡೋಸ್ ವಿಸ್ತಾದಿಂದ ಈಚೆಗೆ ಫುಲ್ ಫಾರ್ಮ್ಯಾಟ್ ಅಂದ್ರೆ ಇಡೀ ಕಾರ್ಡಿನ ಮೇಲೆ ಸೊನ್ನೆ ಬರೆಯೋದು, ಅದಾದ್ಮೇಲೆ ಯಾವ ಸಾಫ್ಟ್‌ವೇರಿಗೂ ಏನೂ ಸಿಗಲ್ಲ. ಹಂಗೇ ಕಂಪ್ಯೂಟರ್ ಕೇಳೋ ಸ್ಕ್ಯಾನ್ ಅಂಡ್ ಫಿಕ್ಸ್‌ಗೂ ಹೂಂ ಅನ್ಬೇಡಿ. ಅದು ಚೆಕ್‌ಡಿಸ್ಕ್. ಅದರ ಕೆಲಸ ಕಾರ್ಡನ್ನ ಮತ್ತೆ ಬಳಸೋ ಹಾಗೆ ಮಾಡೋದು, ನಿಮ್ಮ ಫೋಟೋ ಉಳಿಸೋದಲ್ಲ, ಅರ್ಧಂಬರ್ಧ ಫೈಲನ್ನೆಲ್ಲಾ ಕತ್ತರಿಸಿ ಫೌಂಡ್ ಅಂತ ಒಂದು ಫೋಲ್ಡರಿಗೆ ತುಂಬಿಬಿಡತ್ತೆ. ಫಾರ್ಮ್ಯಾಟ್ ಮಾಡಿ ಅಂತ ಬಂದಾಗ್ಲೆಲ್ಲಾ ಕ್ಯಾನ್ಸಲ್ ಒತ್ತಿ.

ಈಗ ಮಾಡೋದು ಏನು. ಕಾರ್ಡಿನ ಹಿಂದಿರೋ ಚಿನ್ನದ ಬಣ್ಣದ ಪಟ್ಟಿಗಳನ್ನ ಪೆನ್ಸಿಲ್ ರಬ್ಬರಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ. ಎಷ್ಟೋ ಸಲ ಬಂದು ಹೋಗಿ ಮಾಡೋದಕ್ಕೆ ಕೊಳೆಯೇ ಕಾರಣ. ಆಮೇಲೆ ದೊಡ್ಡ ಎಸ್‌ಡಿ ಕಾರ್ಡಿನ ಆಕಾರದ ಅಡಾಪ್ಟರಿಗೆ ಹಾಕಿ ಪಕ್ಕದ ಲಾಕ್ ಗುಂಡಿ ಎಳೀರಿ, ಅದು ಕಾರ್ಡ್ ರೀಡರಿಗೆ ಬರೀಬೇಡ ಅಂತ ತೋರಿಸೋ ಗುರುತು ಅಷ್ಟೇ, ಎಲ್ಲಾ ರೀಡರೂ ಅದನ್ನ ಪಾಲಿಸಲ್ಲ, ಆದ್ರೂ ಇರ್ಲಿ. ಸಾಧ್ಯ ಆದ್ರೆ ಬೇರೆ ರೀಡರಲ್ಲೂ ಹಾಕಿ ನೋಡಿ.

ನಕಲು ಇಳಿಸೋಕೆ ಡಿಡಿರೆಸ್ಕ್ಯೂ ಅನ್ನೋ ಉಚಿತ ಪ್ರೋಗ್ರಾಂ ಇದೆ, ಗ್ನೂ ಅನ್ನೋ ಉಚಿತ ಸಾಫ್ಟ್‌ವೇರ್ ಯೋಜನೇದು, ನನ್ನ ಕೇಳಿದ್ರೆ ಇಂಥ ಕಾರ್ಡಿಗೆ ಇದಕ್ಕಿಂತ ಒಳ್ಳೇದಿಲ್ಲ. ಸಾಮಾನ್ಯ ಕಾಪಿ ಮಾಡಿದ್ರೆ ಕೆಟ್ಟ ಜಾಗ ಬಂದ ತಕ್ಷಣ ಅಲ್ಲೇ ನಿಂತು ಒದ್ದಾಡ್ತಾ ಇರತ್ತೆ, ಕೆಲವು ಇಮೇಜ್ ಮಾಡೋ ಟೂಲ್‌ಗಳೂ ಮೊದಲ ಎರರ್‌ಗೇ ಕೈಬಿಡತ್ವೆ. ಇದು ಹಂಗಲ್ಲ, ಮೊದಲ ಸುತ್ತಲ್ಲಿ ಸುಲಭಕ್ಕೆ ಓದಕ್ಕೆ ಬರೋದನ್ನೆಲ್ಲಾ ಬೇಗ ಬೇಗ ಎಳ್ಕೊಂಡು ಕೆಟ್ಟ ಜಾಗ ಹಾರ್ಕೊಂಡು ಹೋಗತ್ತೆ, ಆಮೇಲೆ ವಾಪಸ್ ಬಂದು ಆ ಜಾಗಗಳ ಅಂಚಿಂದ ಒಳಗೆ ಸ್ವಲ್ಪ ಸ್ವಲ್ಪ ಕೆರೆಯತ್ತೆ. ಎಲ್ಲಿವರೆಗೆ ಬಂತು, ಯಾವುದು ಸಿಕ್ತು, ಯಾವುದು ಬಾಕಿ ಅಂತ ಒಂದು ಮ್ಯಾಪ್ ಫೈಲಲ್ಲಿ ಬರ್ಕೊಳ್ಳತ್ತೆ, ಹಂಗಾಗಿ ಮಧ್ಯ ಕಾರ್ಡ್ ಕಡಿದುಹೋದ್ರೆ ತೆಗ್ದು ತಣ್ಣಗಾಗಕ್ಕೆ ಬಿಟ್ಟು ಮತ್ತೆ ಹಾಕಿ ಶುರು ಮಾಡಿದ್ರೆ ನಿಂತಲ್ಲಿಂದಲೇ ಮುಂದುವರೆಯತ್ತೆ. ಆ ಮ್ಯಾಪ್ ಫೈಲ್ ಕೊಡದೆ ಮಾತ್ರ ಓಡಿಸ್ಬೇಡಿ.

ವಿಂಡೋಸಲ್ಲಿ ಒದ್ದಾಡೋದಕ್ಕಿಂತ ಉಬುಂಟು ಅನ್ನೋ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡೋದು ವಾಸಿ, ಇನ್‌ಸ್ಟಾಲ್ ಮಾಡೋದೇನೂ ಬೇಡ, ಟ್ರೈ ಅನ್ನೋದು ಸಾಕು. ಪ್ಯಾಕೇಜ್ ಹೆಸರು ಅಲ್ಲಿ ಜಿಡಿಡಿರೆಸ್ಕ್ಯೂ ಅಂತ ಇರತ್ತೆ. ಅದಕ್ಕೆ ಮೂರು ಹೆಸರು ಕೊಡ್ಬೇಕು, ಮೊದ್ಲು ಕಾರ್ಡು, ಆಮೇಲೆ ಇಮೇಜ್ ಎಲ್ಲಿ ಬರೀಬೇಕು, ಆಮೇಲೆ ಮ್ಯಾಪ್ ಫೈಲ್. ಮೊದಲೆರಡು ಅದಲು ಬದಲಾಗ್ಬಾರ್ದು, ಅದಕ್ಕೇ ಸೈಜ್ ನೋಡಿ ಇದೇ ನನ್ನ 32 ಜಿಬಿ ಅಂತ ಖಾತ್ರಿ ಮಾಡ್ಕೊಂಡೇ ಎಂಟರ್ ಒತ್ತಿ. ಇಮೇಜು ಕಾರ್ಡಿನಷ್ಟೇ ದೊಡ್ಡದಿರತ್ತೆ, ಒಳಗೆ 5 ಜಿಬಿ ಫೋಟೋ ಇದ್ರೂ ಸುಮಾರು 30 ಜಿಬಿ ಫೈಲೇ. ಅದನ್ನ ಇಡೋ ಹಾರ್ಡ್‌ಡಿಸ್ಕ್ ಫ್ಯಾಟ್32 ಅನ್ನೋ ಹಳೇ ಥರದ ಫಾರ್ಮ್ಯಾಟಲ್ಲಿದ್ರೆ 4 ಜಿಬಿಗೆ ನಿಂತುಹೋಗತ್ತೆ, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಇರ್ಬೇಕು. ಕಂಪ್ಯೂಟರ್ ಸೈನ್ಸ್ ಓದೋ ಹುಡುಗ ಹುಡುಗೀರು ನಮ್ಮೂರಲ್ಲಿ ಬೇಕಾದಷ್ಟು ಇದಾರೆ, ನಿಮಗೆ ಗೊತ್ತಿರೋ ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೊಂಡು ಮಾಡಿ, ಈ ಉತ್ತರ ಅವರಿಗೂ ಓದಕ್ಕೆ ಕೊಡಿ.

ಇಮೇಜ್ ಬಂತಾ, ಇನ್ನು ಕಾರ್ಡು ಬೀರುವಿಗೆ. ಇಮೇಜಿನ ಇನ್ನೊಂದು ಕಾಪಿ ಮಾಡ್ಕೊಂಡು ಅದರ ಮೇಲೆ ಮೊದ್ಲು ಟೆಸ್ಟ್‌ಡಿಸ್ಕ್ ಓಡಿಸಿ, ಫೈಲ್ ಪಟ್ಟಿ ಉಳಿದಿದ್ರೆ ಹೆಸರು, ಫೋಲ್ಡರ್ ಸಮೇತ ಕಾಪಿ ಮಾಡಕ್ಕಾಗತ್ತೆ. ಆಗ್ಲಿಲ್ಲ ಅಂದ್ರೆ ಅದರ ಜೊತೇಲೇ ಬರೋ ಫೋಟೊರೆಕ್. ಎರಡೂ ಕ್ರಿಸ್ಟೋಫ್ ಗ್ರೆನಿಯೆ ಅನ್ನೋರು ಮಾಡಿದ್ದು, ಎರಡೂ ಉಚಿತ. ಫೋಟೊರೆಕ್ ಪಟ್ಟಿ ನೋಡೋದೇ ಇಲ್ಲ, ಪ್ರತಿ ಜೆಪೆಗ್ ಫೋಟೋ ಎಫ್‌ಎಫ್ ಡಿ8 ಅನ್ನೋ ಎರಡು ಬೈಟಿಂದ ಶುರುವಾಗತ್ತಲ್ಲ, ಅಂಥ ಗುರುತು ಹುಡುಕ್ಕೊಂಡು ಫೈಲು ಎತ್ತತ್ತೆ. ಹೆಸರೆಲ್ಲಾ ಬರೀ ನಂಬರ್ ಆಗಿ ಬರತ್ತೆ, ಸಾವಿರಾರು ಥಂಬ್‌ನೇಲೂ ಜೊತೆಗೆ ಬರತ್ತೆ, ಗಾಬರಿ ಆಗ್ಬೇಡಿ, ಸೈಜ್ ಪ್ರಕಾರ ಜೋಡಿಸಿದ್ರೆ ದೊಡ್ಡವು ಮೇಲೆ ಸಿಗತ್ವೆ. ಕಾರ್ಡಲ್ಲಿ ಲಾಸ್ಟ್ ಡಾಟ್ ಡಿಐಆರ್ ಅಂತ ಒಂದು ಫೋಲ್ಡರ್ ಇದ್ರೆ ಅದನ್ನೂ ಬಿಡ್ಬೇಡಿ, ಆಂಡ್ರಾಯ್ಡ್ ಫೋನು ಹೆಸರು ಕಳ್ಕೊಂಡ ಫೈಲನ್ನ ಬರೀ ನಂಬರ್ ಹಾಕಿ ಅಲ್ಲಿಡತ್ತೆ, ಹೆಸರಿನ ಕೊನೆಗೆ ಡಾಟ್ ಜೆಪಿಜಿ ಅಂತ ಸೇರಿಸಿದ್ರೆ ಎಷ್ಟೋ ಸಲ ಫೋಟೋ ತೆರ್ಕೊಳ್ಳತ್ತೆ.

ಇದು ನಡೀತಿರುವಾಗ್ಲೇ ಇನ್ನೊಂದು ಕೆಲಸ. ಆ ಫೋಟೋ, ವಿಡಿಯೋಗಳನ್ನ ಅಕ್ಕ ತಂಗೀರಿಗೆ, ಚಿಕ್ಕಪ್ಪನೋರಿಗೆ ಯಾವಾಗ್ಲಾದ್ರೂ ಕಳಿಸಿರ್ತೀರಿ, ಅವರ ಫೋನಲ್ಲಿ ಹುಡುಕ್ಸಿ. ವಾಟ್ಸಾಪಲ್ಲಿ ಕುಗ್ಗಿ ಬಂದ ಫೋಟೋನೇ ಆದ್ರೂ ಅಪ್ಪಾಜಿ ಮುಖ ಅದರಲ್ಲಿ ಇರತ್ತೆ. ನಿಮ್ಮ ಜಿಮೇಲ್ ಹಾಕಿ ಗೂಗಲ್ ಫೋಟೋಸ್ ಕೂಡ ಒಂದ್ಸಲ ತೆಗ್ದು ನೋಡಿ, ಬ್ಯಾಕಪ್ ಆನ್ ಇದ್ದದ್ದೇ ಗೊತ್ತಿಲ್ಲದೋರು ಬಹಳ ಜನ.

ಕಾರ್ಡು ಯಾವ ರೀಡರಲ್ಲೂ ಬರ್ಲೇ ಇಲ್ಲ ಅಥವಾ 32 ಜಿಬಿ ಬದ್ಲು ಸೊನ್ನೆ ತೋರಿಸ್ತು ಅಂದ್ರೆ ಸಾಫ್ಟ್‌ವೇರಿಂದ ಆಗೋದಿಲ್ಲ. ಬೆಂಗಳೂರಿನಂಥ ಊರಲ್ಲಿ ಡೇಟಾ ರಿಕವರಿ ಲ್ಯಾಬ್‌ಗಳಿದಾವೆ, ಮೈಕ್ರೋ ಎಸ್‌ಡಿ ಕಾರ್ಡಿನ ಮೇಲ್ಪದರ ಕೆರೆದು ಒಳಗಿನ ಸಣ್ಣ ಸಣ್ಣ ಬಿಂದುಗಳಿಗೆ ವೈರ್ ಹಿಡಿದು ನೇರವಾಗಿ ಮೆಮೊರಿ ಓದ್ತಾರೆ. ದುಬಾರಿ ಕೆಲಸ. ಡೇಟಾ ಸಿಗದಿದ್ರೆ ದುಡ್ಡು ತಗೊಳ್ತಾರಾ, ದುಡ್ಡು ಕೊಡೋ ಮೊದ್ಲು ಸಿಕ್ಕ ಫೈಲ್ ಪಟ್ಟಿ ತೋರಿಸ್ತಾರಾ, ಕಾರ್ಡ್ ವಾಪಸ್ ಕೊಡ್ತಾರಾ, ಈ ಮೂರೂ ಬರವಣಿಗೇಲಿ ಕೇಳಿ ಆಮೇಲೆ ಕೊಡಿ.

ಪ್ರಶ್ನೆ: ನಾನು ಮದುವೆ ಫೋಟೋ, ವಿಡಿಯೋ ಮಾಡ್ತೀನಿ. ಮೊನ್ನೆ ಒಂದು ಮದುವೇಲಿ ಹಿಂದಿನ ದಿನದ ಅರಿಶಿಣ ಶಾಸ್ತ್ರ, ರಾತ್ರಿ ರಿಸೆಪ್ಷನ್ ಎಲ್ಲಾ ಒಂದೇ 64 ಜಿಬಿ ಕಾರ್ಡಲ್ಲಿತ್ತು. ಬೆಳಿಗ್ಗೆ ನಮ್ಮ ಹುಡುಗ ಖಾಲಿ ಕಾರ್ಡು ಅಂದ್ಕೊಂಡು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಒತ್ತಿಬಿಟ್ಟ, ಗೊತ್ತಾಗೋ ಹೊತ್ತಿಗೆ ಮುಹೂರ್ತದ 200 ಫೋಟೋ ಅದರ ಮೇಲೇ ತೆಗ್ದಾಗಿತ್ತು. ಹುಡುಗಿ ಮನೆಯವ್ರಿಗೆ ಇನ್ನೂ ಹೇಳಿಲ್ಲ. ಎಷ್ಟು ವಾಪಸ್ ಬರಬೋದು?
– ಫೋಟೋಗ್ರಾಫರ್, ಹರಿಹರ

ಉತ್ತರ: ಬಹಳಷ್ಟು ಬರಬೋದು, ಕಾರ್ಡು ಆಮೇಲೆ ಬಳಸಿಲ್ಲ ಅಂದ್ರೆ. ಕ್ಯಾಮೆರಾದ ಮಾಮೂಲಿ ಫಾರ್ಮ್ಯಾಟು ಪುಸ್ತಕದ ಪರಿವಿಡಿ ಹರಿದು ಹಾಕಿದ ಹಾಗೆ, ಒಳಗಿನ ಪುಟಗಳು ಅಲ್ಲೇ ಇರತ್ವೆ. ಕ್ಯಾನನ್‌ನಂಥ ಕ್ಯಾಮೆರಾಗಳಲ್ಲಿ ಲೋ ಲೆವೆಲ್ ಫಾರ್ಮ್ಯಾಟ್ ಅಂತ ಬೇರೆ ಒಂದು ಟಿಕ್ ಇರತ್ತೆ, ಹುಡುಗ ಅದನ್ನ ಹಾಕಿದ್ದನಾ ಅಂತ ಸಮಾಧಾನವಾಗಿ ಕೇಳಿ, ಬೈದ್ರೆ ನಿಜ ಹೇಳಲ್ಲ. ಅದು ಹಾಕಿದ್ರೆ ಆಸೆ ಕಮ್ಮಿ.

ಇನ್ನು ಆ 200 ಫೋಟೋ ಎಷ್ಟು ಜಾಗ ತಿಂದಿರತ್ತೆ ಲೆಕ್ಕ ಹಾಕೋಣ. ರಾ (ಕ್ಯಾಮೆರಾ ಸಂಸ್ಕರಿಸದೆ ಇಡೋ ಮೂಲ ಫೈಲು) ಮತ್ತೆ ಜೆಪೆಗ್ ಎರಡೂ ತೆಗೆಯೋರು ಅಂದ್ರೆ ಒಂದು ಕ್ಲಿಕ್ಕಿಗೆ 30 ಎಂಬಿ ಮೇಲೆ, ಒಟ್ಟು 6ರಿಂದ 7 ಜಿಬಿ. ಫಾರ್ಮ್ಯಾಟ್ ಆದ ಕಾರ್ಡು ಸಾಮಾನ್ಯವಾಗಿ ಶುರುವಿಂದ ತುಂಬ್ಕೊಂಡು ಬರತ್ತೆ, ಹಂಗಾಗಿ ಪೆಟ್ಟು ಬಿದ್ದಿರೋದು ಹಿಂದಿನ ದಿನ ಮೊದಮೊದಲು ತೆಗ್ದ ಅರಿಶಿಣ ಶಾಸ್ತ್ರದ ಫೋಟೋಗಳಿಗೆ, ರಾತ್ರಿಯ ರಿಸೆಪ್ಷನ್ ಹೆಚ್ಚುಕಮ್ಮಿ ಪೂರ್ತಿ ಉಳಿದಿರತ್ತೆ. ಮೇಲೆ ಬರ್ದದ್ದು ಮಾತ್ರ ಹೋಯ್ತು, ಅದನ್ನ ತೆಗ್ದುಕೊಡ್ತೀವಿ ಅನ್ನೋರಿಗೆ ದುಡ್ಡು ಕೊಡ್ಬೇಡಿ.

ಮುಹೂರ್ತದ 200 ಫೋಟೋ ಮೊದ್ಲು ಕಂಪ್ಯೂಟರಿಗೆ ಕಾಪಿ ಮಾಡ್ಕೊಳ್ಳಿ, ಆಮೇಲೆ ಇಡೀ ಕಾರ್ಡಿನ ಇಮೇಜ್, ಆಮೇಲೆ ಆ ಇಮೇಜಿನ ಮೇಲೆ ಫೋಟೊರೆಕ್. ಅದರಲ್ಲಿ ಫ್ರೀ, ಹೋಲ್ ಅಂತ ಎರಡು ಕೇಳತ್ತೆ, ಹೋಲ್ ಕೊಡಿ. ಕ್ಯಾನನ್, ನಿಕಾನ್‌ನ ರಾ ಫೈಲು ಅದಕ್ಕೆ ಗೊತ್ತು. ಒಂದು ರಾ ಅರ್ಧ ಹಾಳಾಗಿದ್ರೂ ಒಳಗೆ ಅಡಗಿರೋ ಪ್ರಿವ್ಯೂ ಜೆಪೆಗ್ ಚೆನ್ನಾಗೇ ಇರೋ ಸಾಧ್ಯತೆ ಇದೆ, ಆಲ್ಬಮ್ಮಿನ ಸಣ್ಣ ಸೈಜಿಗೆ ಅದೇ ಸಾಕಾಗ್ಬೋದು. ಹೆಸರು ಹೋಗಿದ್ರೂ ತೆಗ್ದ ದಿನ, ಗಂಟೆ, ನಿಮಿಷ ಫೋಟೋದ ಒಳಗೇ ಎಕ್ಸಿಫ್ ಮಾಹಿತೀಲಿ ಇರತ್ತೆ, ಎಕ್ಸಿಫ್‌ಟೂಲ್ ಹಾಕಿದ್ರೆ ಅದೇ ಕ್ರಮದಲ್ಲಿ ಹೆಸರಿಟ್ಟು ಜೋಡಿಸ್ಕೊಡತ್ತೆ, ಕೈಯಲ್ಲಿ ಕೂತು ವಿಂಗಡಿಸ್ಬೇಡಿ.

ವಿಡಿಯೋ ವಿಷಯ ಬೇರೆ, ಅಲ್ಲಿ ಇಷ್ಟು ಧೈರ್ಯ ಹೇಳಲ್ಲ. ಉದ್ದದ ವಿಡಿಯೋ ಕಾರ್ಡಲ್ಲಿ ಒಂದೇ ಕಡೆ ಇರ್ಬೇಕು ಅಂತೇನಿಲ್ಲ, ತುಂಡು ತುಂಡಾಗಿ ಬೇರೆ ಬೇರೆ ಜಾಗದಲ್ಲಿರತ್ತೆ, ಫೋಟೊರೆಕ್ ಅದನ್ನೆಲ್ಲಾ ಸರಿಯಾಗಿ ಹೊಲಿಯಲ್ಲ. ಎಂಪಿ4 ಫೈಲಿಗೆ ಮೂವ್ ಅಂತ ಒಂದು ಭಾಗ ಇರತ್ತೆ, ಯಾವ ಫ್ರೇಮ್ ಎಲ್ಲಿದೆ ಅನ್ನೋ ಲೆಕ್ಕ ಅದರಲ್ಲಿ, ಕ್ಯಾಮೆರಾ ಅದನ್ನ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಕೊನೆಗೆ ಬರೆಯೋದೇ ಹೆಚ್ಚು. ಅದು ಸಿಗದೆ ಬರೀ ದೃಶ್ಯದ ಡೇಟಾ ಸಿಕ್ರೆ ಯಾವ ಪ್ಲೇಯರಲ್ಲೂ ಓಡಲ್ಲ. ಆಗ ಅನ್‌ಟ್ರಂಕ್ ಅನ್ನೋ ಉಚಿತ ಟೂಲ್ ನೋಡಿ, ಅದೇ ಕ್ಯಾಮೆರಾ, ಅದೇ ಸೆಟ್ಟಿಂಗಲ್ಲಿ ತೆಗ್ದ ಒಂದು ಒಳ್ಳೇ ವಿಡಿಯೋ ಮಾದರಿಗೆ ಕೊಟ್ರೆ ಅದನ್ನ ನೋಡ್ಕೊಂಡು ಕೆಟ್ಟದ್ದರ ಲೆಕ್ಕ ಕಟ್ಟತ್ತೆ.

ಹುಡುಗಿ ಮನೆಯವ್ರಿಗೆ ಇವತ್ತೇ ಹೇಳಿ ಸರ್. ಅರಿಶಿಣದ ದಿನ ನೆಂಟರು ಎಲ್ಲರೂ ಫೋನಲ್ಲಿ ತೆಗ್ದಿರ್ತಾರೆ, ಅವು ಅಳಿಸಿ ಹೋಗೋ ಮುಂಚೆ ಕೇಳಿ ತರಿಸ್ಕೊಂಡ್ರೆ ಹೋದ ಭಾಗಕ್ಕೆ ಅಷ್ಟಾದ್ರೂ ಸಿಗತ್ತೆ, ಆಲ್ಬಮ್ ಕೊಡೋ ದಿನ ಹೇಳಿದ್ರೆ ಅದೂ ಇಲ್ಲ. ಇನ್ಮುಂದೆ ಎರಡು ಕಾರ್ಡ್ ಸ್ಲಾಟ್ ಇರೋ ಕ್ಯಾಮೆರಾದಲ್ಲಿ ಎರಡಕ್ಕೂ ಒಟ್ಟಿಗೆ ಬರೆಯೋ ಸೆಟ್ಟಿಂಗ್ ಇಡಿ, ಇಲ್ಲಾಂದ್ರೆ ರಾತ್ರಿ ಮಲಗೋ ಮುಂಚೆ ಲ್ಯಾಪ್‌ಟಾಪಿಗೆ ಇಳಿಸಿ.

ಪ್ರಶ್ನೆ: ನಾನು ಎಂ.ಎ. ವಿದ್ಯಾರ್ಥಿ. ನಮ್ಮ ಕಡೆ ಕಾಡುಗೊಲ್ಲರ ಹಟ್ಟೀಲಿ ಒಬ್ಬ ಅಜ್ಜಿ ಹಾಡಿದ ಜುಂಜಪ್ಪನ ಪದ ರೆಕಾರ್ಡ್ ಮಾಡ್ತಿದ್ದೆ. ಹಾಡು ಮುಗಿಯೋ ಹೊತ್ತಿಗೆ ರೆಕಾರ್ಡರಿನ ಬ್ಯಾಟರಿ ಹೋಯ್ತು. ಈಗ ಆ ವೇವ್ ಫೈಲು ಸೊನ್ನೆ ಸೆಕೆಂಡ್ ಅಂತ ತೋರಿಸ್ತದೆ. ಅಜ್ಜಿಗೆ ವಯಸ್ಸಾಗಿದೆ, ಅಷ್ಟು ಹೊತ್ತು ಮತ್ತೆ ಹಾಡಿ ಅಂತ ಕೇಳೋಕೆ ಮನಸ್ಸಾಗ್ತಿಲ್ಲ.
– ಮೊಳಕಾಲ್ಮೂರು

ಉತ್ತರ: ತಮ್ಮಾ, ಇದು ಸಿಗೋ ಸಾಧ್ಯತೆ ಚೆನ್ನಾಗಿದೆ, ಮತ್ತೆ ಇದನ್ನ ಉಳಿಸ್ಲೇಬೇಕು, ಅಜ್ಜಿ ಇನ್ನೊಂದ್ಸಲ ಹಾಡಿದ್ರೂ ಇದೇ ಪದ ಇದೇ ಥರ ಬರಲ್ಲ, ಬಾಯಿಂದ ಬಾಯಿಗೆ ಬಂದ ಹಾಡು ಪ್ರತಿ ಸಲ ಹೊಸದಾಗೇ ಕಟ್ಕೊಳ್ಳತ್ತೆ.

ವೇವ್ ಫೈಲಿನ ತಲೇಲಿ ಒಳಗೆ ಎಷ್ಟು ಆಡಿಯೋ ಇದೆ ಅಂತ ಒಂದು ಸಂಖ್ಯೆ ಬರ್ದಿರತ್ತೆ, ರೆಕಾರ್ಡರು ಅದನ್ನ ಸ್ಟಾಪ್ ಒತ್ತಿದಾಗ ತುಂಬತ್ತೆ. ಬ್ಯಾಟರಿ ಹೋಗಿದ್ದಕ್ಕೆ ಆ ಜಾಗ ಸೊನ್ನೆಯಾಗೇ ಉಳಿದಿದೆ, ಪ್ಲೇಯರು ಏನೂ ಇಲ್ಲ ಅಂದ್ಕೊಳ್ಳತ್ತೆ. ಫೋಲ್ಡರಲ್ಲಿ ಆ ಫೈಲಿನ ಸೈಜ್ ನೋಡು. 44,100 ಹರ್ಟ್ಸ್, 16 ಬಿಟ್, ಸ್ಟೀರಿಯೋ ಆದ್ರೆ ಸೆಕೆಂಡಿಗೆ 1,76,400 ಬೈಟು, ಅಂದ್ರೆ ನಿಮಿಷಕ್ಕೆ ಹತ್ತು ಎಂಬಿ ಮೇಲೆ. ಹಾಡಿದ ಹೊತ್ತಿಗೆ ತಕ್ಕಷ್ಟು ಸೈಜ್ ಇದ್ರೆ ಹಾಡು ಪೂರ್ತಿ ಅಲ್ಲೇ ಇದೆ. ಫೈಲನ್ನ ಕಂಪ್ಯೂಟರಿಗೆ ಕಾಪಿ ಮಾಡಿ ಆಡಾಸಿಟಿ ಅನ್ನೋ ಉಚಿತ ಆಡಿಯೋ ಪ್ರೋಗ್ರಾಮಲ್ಲಿ ಇಂಪೋರ್ಟ್ ಮೆನುವಿನ ರಾ ಡೇಟಾ ಅನ್ನೋದನ್ನ ಒತ್ತು. ಎಷ್ಟು ಬಿಟ್, ಎಷ್ಟು ಹರ್ಟ್ಸ್, ಮೋನೋನಾ ಸ್ಟೀರಿಯೋನಾ ಅಂತ ಕೇಳತ್ತೆ, ಅದೇ ರೆಕಾರ್ಡರಿನ ಬೇರೆ ಒಳ್ಳೇ ಫೈಲ್ ನೋಡಿ ಅದೇ ಕೊಡು, ಬೈಟ್ ಕ್ರಮ ಲಿಟಲ್ ಎಂಡಿಯನ್. ಬರೀ ಗರಗರ ಶಬ್ದ ಬಂದ್ರೆ ಶುರುವಿನ ಆಫ್‌ಸೆಟ್ ಒಂದೊಂದೇ ಬೈಟ್ ಜಾಸ್ತಿ ಮಾಡಿ ನೋಡು, ಹಾಡು ನಿಧಾನ ಆಗಿ ದನಿ ದಪ್ಪಗಾದ್ರೆ ಹರ್ಟ್ಸ್ ತಪ್ಪಿದೆ ಅಂತ.

ಫೈಲಿನ ಸೈಜೂ ಸೊನ್ನೆ ಇದ್ರೆ ಫೋಲ್ಡರಿನ ಪಟ್ಟೀಲಿ ಜಾಗ ಬರ್ಕೊಂಡಿಲ್ಲ ಅಷ್ಟೇ, ಹಾಡು ಕಾರ್ಡಲ್ಲೇ ಬಿದ್ದಿರೋ ಸಾಧ್ಯತೆ ಇದೆ. ಆಗ ಆ ಕಾರ್ಡಲ್ಲಿ ಇನ್ನೇನೂ ರೆಕಾರ್ಡ್ ಮಾಡ್ಬೇಡ, ಒಂದು ಸೆಕೆಂಡೂ ಬೇಡ. ಇಡೀ ಕಾರ್ಡಿನ ಇಮೇಜ್ ತೆಗ್ದು ಫೋಟೊರೆಕ್ ಓಡ್ಸು, ಅದಕ್ಕೂ ಸಿಗದಿದ್ರೆ ಆ ಇಮೇಜನ್ನೇ ಆಡಾಸಿಟಿಗೆ ರಾ ಡೇಟಾ ಅಂತ ತುಂಡು ತುಂಡಾಗಿ ಕೊಡು, ಎಲ್ಲಿಂದ ಎಷ್ಟು ಭಾಗ ಅಂತ ಕೊಡೋಕೆ ಅಲ್ಲೇ ಜಾಗ ಇದೆ. ಗದ್ದಲದ ಮಧ್ಯೆ ಹಾಡಿನ ಅಲೆ ಕಣ್ಣಿಗೇ ಬೇರೆ ಥರ ಕಾಣತ್ತೆ. ಸಮಯ ತಗೊಳ್ಳೋ ಕೆಲಸ, ಆದ್ರೆ ಇಂಥ ಹಾಡಿಗೆ ಕೂರ್ಬೇಕು. ಸಿಕ್ಕ ಮೇಲೆ ಒಂದು ಪೆನ್‌ಡ್ರೈವಲ್ಲಿ ಹಟ್ಟಿಯವರಿಗೂ ಕೊಟ್ಟು ಬಾ, ನಿಮ್ಮ ವಿಭಾಗಕ್ಕೂ ಒಂದು ಕೊಡು.

ಪ್ರಶ್ನೆ: 2022ರ ಸೆಪ್ಟೆಂಬರಲ್ಲಿ ನಮ್ಮ ವಾಣಿವಿಲಾಸ ಸಾಗರ 1933ರ ನಂತರ ಮೊದಲ್ನೇ ಸಲ ಕೋಡಿ ಬಿದ್ದಾಗ ತುಂಬಾ ವಿಡಿಯೋ ಮಾಡಿದ್ದೆ. ಆಮೇಲೆ ಆನ್‌ಲೈನಲ್ಲಿ ಕಮ್ಮಿ ರೇಟಿಗೆ ಸಿಕ್ತು ಅಂತ 1 ಟಿಬಿ ಕಾರ್ಡ್ ತಗೊಂಡು ಎಲ್ಲಾ ಅದಕ್ಕೆ ಹಾಕಿ ಫೋನಲ್ಲಿ ಅಳಿಸ್ದೆ. ಹೆಸರು, ಸೈಜ್ ಎಲ್ಲಾ ತೋರಿಸ್ತದೆ, ಮೊದಲಿನ ಕೆಲವು ಬಿಟ್ರೆ ಒಂದೂ ಓಡಲ್ಲ. ಹೆಂಗೆ ತೆಗೀಬೇಕು?
– ಹಿರಿಯೂರು

ಉತ್ತರ: ಬೇಜಾರಿನ ಉತ್ತರ ಇದು ಅಣ್ಣಾ. ಆ ಕಾರ್ಡು ನಕಲಿ ಇರೋ ಸಂಭವ ಬಹಳ. ಒಳಗೆ ನಿಜವಾಗಿ 16 ಅಥವಾ 32 ಜಿಬಿ ಚಿಪ್ ಇಟ್ಟು, ಕಂಟ್ರೋಲರಿಗೆ 1 ಟಿಬಿ ಅಂತ ಸುಳ್ಳು ಹೇಳೋ ಹಾಗೆ ಮಾಡಿರ್ತಾರೆ. ಫೈಲುಗಳ ಪಟ್ಟಿ ಕಾರ್ಡಿನ ಮೊದಲ ಭಾಗದಲ್ಲಿ ಇರೋದ್ರಿಂದ ಹೆಸರು, ಸೈಜ್ ಎಲ್ಲಾ ಸರಿಯಾಗೇ ಕಾಣತ್ತೆ, ನಿಜವಾದ ಜಾಗ ಮುಗಿದ ಮೇಲೆ ಹೋದ ಡೇಟಾ ಮಾತ್ರ ಎಲ್ಲೂ ಬರ್ಕೊಂಡೇ ಇಲ್ಲ, ಇಲ್ಲಾ ಹಳೇದರ ಮೇಲೇ ಬಿದ್ದಿರತ್ತೆ. ಬರೆಯದೇ ಇದ್ದದ್ದನ್ನ ಯಾವ ಲ್ಯಾಬೂ ತೆಗೆಯಕ್ಕಾಗಲ್ಲ. ಓಡೋ ವಿಡಿಯೋಗಳನ್ನ ಈಗ್ಲೇ ಬೇರೆ ಕಡೆ ಕಾಪಿ ಮಾಡಿ.

ನಕಲಿ ಹೌದೋ ಅಲ್ವೋ ಖಾತ್ರಿ ಮಾಡ್ಕೊಳ್ಳೋಕೆ ವಿಂಡೋಸಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಲ್ಲಿ ಎಫ್3. ಇಡೀ ಕಾರ್ಡು ತುಂಬಾ ಬರ್ದು ಮತ್ತೆ ಓದಿ ಹೋಲಿಸತ್ವೆ, ಗಂಟೆಗಟ್ಟಲೆ ಹಿಡಿಯತ್ತೆ. ಓಡೋದನ್ನೆಲ್ಲಾ ಕಾಪಿ ಮಾಡಿದ ಮೇಲೆ ಮಾತ್ರ ಇದನ್ನ ಓಡಿಸಿ, ಮುಂಚೆ ಬೇಡ. ಆ ರಿಪೋರ್ಟಿನ ಫೋಟೋ ತೆಗ್ದು ಮಾರಿದವ್ರಿಗೆ ಕಳಿಸಿ, ದುಡ್ಡು ಕೊಡಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೆಲವು ನೂರು ರೂಪಾಯಿಗೆ 1 ಟಿಬಿ ಅಂತ ಯಾರೇ ಮಾರಿದ್ರೂ ತಗೋಬೇಡಿ. ಅಳಿಸಿದ್ದು ಇತ್ತೀಚೆಗೆ ಆಗಿದ್ರೆ ಗೂಗಲ್ ಫೋಟೋಸಿನ ಟ್ರ್ಯಾಶ್ ನೋಡಿ, ಬ್ಯಾಕಪ್ ಆದದ್ದು ಅಲ್ಲಿ 60 ದಿನ ಇರತ್ತೆ.

ಪ್ರಶ್ನೆ: ಜೆರಾಕ್ಸ್ ಅಂಗಡೀಲಿ ಪ್ರಿಂಟ್ ತೆಗೆಸ್ಕೊಂಡು ಬಂದ ಮೇಲೆ ನನ್ನ ಕಾರ್ಡಲ್ಲಿ ಎಲ್ಲಾ ಫೋಲ್ಡರ್ ಶಾರ್ಟ್‌ಕಟ್ ಆಗಿದಾವೆ. ಎಲ್ಲಾ ಹೋಯ್ತಾ?
– ಚಿತ್ರದುರ್ಗ

ಉತ್ತರ: ಹೋಗಿಲ್ಲ. ವೈರಸ್ಸು ನಿಮ್ಮ ಫೋಲ್ಡರುಗಳನ್ನ ಬಚ್ಚಿಟ್ಟು ಅದರ ಜಾಗದಲ್ಲಿ ಶಾರ್ಟ್‌ಕಟ್ ಇಟ್ಟಿದೆ. ಆ ಶಾರ್ಟ್‌ಕಟ್ ಒತ್ತಲೇಬೇಡಿ, ಒತ್ತಿದ್ರೆ ನಿಮ್ಮ ಕಂಪ್ಯೂಟರಿಗೂ ಹತ್ಕೊಳ್ಳತ್ತೆ. ವಿಂಡೋಸಲ್ಲಿ ಹಿಡನ್ ಫೈಲ್ ತೋರಿಸೋ ಟಿಕ್ ಹಾಕಿ, ಜೊತೆಗೆ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್ ಬಚ್ಚಿಡೋ ಟಿಕ್ ತೆಗೀರಿ. ಹೆಸರೇ ಇಲ್ಲದ ಒಂದು ಫೋಲ್ಡರಲ್ಲಿ ಎಲ್ಲಾ ಕೂತಿರೋದೂ ಉಂಟು. ಫೋಟೋ, ಡಾಕ್ಯುಮೆಂಟ್ ಮಾತ್ರ ಆರಿಸಿ ಕಾಪಿ ಮಾಡ್ಕೊಳ್ಳಿ, ಆಂಟಿವೈರಸ್ ಹಾಕಿ ನೋಡಿ, ಆಮೇಲೆ ಕಾರ್ಡ್ ಫಾರ್ಮ್ಯಾಟ್ ಮಾಡಿ. ಇಲ್ಲಿ ಫಾರ್ಮ್ಯಾಟ್ ಸರಿ, ಕಾರ್ಡು ಗಟ್ಟಿ ಇದೆ, ಡೇಟಾ ಆಚೆ ಬಂದಿದೆ.

ಪ್ರಶ್ನೆ: ಹಳೇ ಫೋನ್ ಡಿಸ್‌ಪ್ಲೇ ಒಡೀತು. ಅದರ ಕಾರ್ಡ್ ಹೊಸ ಫೋನಿಗೆ ಹಾಕಿದ್ರೆ ಸಪೋರ್ಟ್ ಇಲ್ಲ, ಫಾರ್ಮ್ಯಾಟ್ ಮಾಡಿ ಅಂತದೆ. ಕಂಪ್ಯೂಟರಲ್ಲೂ ಓದಲ್ಲ. ಹಳೇ ಫೋನು ಎಕ್ಸ್‌ಚೇಂಜಿಗೆ ಕೊಡ್ಬೇಕು ಅಂತಿದೀನಿ.
– ಚಳ್ಳಕೆರೆ

ಉತ್ತರ: ಫೋನ್ ಕೊಡ್ಬೇಡಿ, ರೀಸೆಟ್ಟೂ ಮಾಡ್ಬೇಡಿ! 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಕಾರ್ಡನ್ನ ಇಂಟರ್ನಲ್ ಸ್ಟೋರೇಜ್ ಥರ ಬಳಸೋ ಆಯ್ಕೆ ಇದೆ, ಎಲ್ಲಾ ಫೋನಲ್ಲೂ ಇಲ್ಲ. ಜಾಗ ಸಾಲದೆ ಯಾರೋ ಅದನ್ನ ಒತ್ತಿರ್ತಾರೆ. ಆಗ ಫೋನು ಇಡೀ ಕಾರ್ಡನ್ನ ಬೀಗ ಹಾಕಿದ ಹಾಗೆ ಎನ್‌ಕ್ರಿಪ್ಟ್ ಮಾಡತ್ತೆ, ಬಿಡಿಸೋ ಕೀ ಆ ಫೋನಿನ ಒಳಗೆ ಮಾತ್ರ ಇರತ್ತೆ. ಕಾರ್ಡು ಕೆಟ್ಟಿಲ್ಲ. ಫೋನ್ ರೀಸೆಟ್ ಆದ್ರೆ ಕೀ ಹೋಯ್ತು, ಕೀ ಹೋದ್ರೆ ಫೋಟೊರೆಕ್ಕೂ ಇಲ್ಲ ಲ್ಯಾಬೂ ಇಲ್ಲ. ಹಳೇ ಫೋನಿಗೆ ಒಂದು ಡಿಸ್‌ಪ್ಲೇ ಹಾಕ್ಸಿ, ರಿಪೇರಿಯವ್ರಿಗೆ ಡೇಟಾ ಅಳಿಸ್ಬೇಡಿ ಅಂತ ಎರಡು ಸಲ ಹೇಳಿ, ಅದೇ ಕಾರ್ಡ್ ಅದೇ ಫೋನಿಗೆ ಹಾಕಿ ಎಲ್ಲಾ ಕಾಪಿ ಮಾಡ್ಕೊಂಡ ಮೇಲೆ ಎಕ್ಸ್‌ಚೇಂಜಿಗೆ ಕೊಡಿ.

ಪ್ರಶ್ನೆ: ಫೋನಿನ ಒಳಗಿನ ಸ್ಟೋರೇಜಿಂದ ಡಿಲೀಟ್ ಆದ ಫೋಟೋ ತೆಗೆಯೋ ಆಪ್ ಯಾವುದು ಒಳ್ಳೇದು? ಪ್ಲೇಸ್ಟೋರಲ್ಲಿ ನೂರಾರು ಇದಾವೆ.
– ಜಗಳೂರು

ಉತ್ತರ: ಯಾವುದೂ ಬೇಡ. ಈಗಿನ ಫೋನಲ್ಲಿ ಒಳಗಿನ ಫೈಲೆಲ್ಲಾ ಎನ್‌ಕ್ರಿಪ್ಟ್ ಆಗಿರತ್ತೆ, ಅಳಿಸಿದ ಜಾಗವನ್ನ ಫೋನು ತಾನೇ ಖಾಲಿ ಮಾಡ್ಕೊಳ್ಳತ್ತೆ. ಆ ಆಪ್‌ಗಳು ತೋರಿಸೋದು ಬಹುತೇಕ ಉಳಿದಿರೋ ಥಂಬ್‌ನೇಲು, ಅದಕ್ಕೆ ದುಡ್ಡು ಕೇಳತ್ವೆ, ನಿಮ್ಮ ಗ್ಯಾಲರಿ ಪೂರ್ತಿ ನೋಡೋ ಪರ್ಮಿಷನ್ ಬೇರೆ. ಗ್ಯಾಲರಿಯ ಟ್ರ್ಯಾಶ್, ಗೂಗಲ್ ಫೋಟೋಸಿನ ಟ್ರ್ಯಾಶ್ ನೋಡಿ, ಬ್ಯಾಕಪ್ ಆಗದೇ ಇದ್ದದ್ದು ಆಂಡ್ರಾಯ್ಡ್ 11ರ ಮೇಲಿನ ಫೋನಲ್ಲಿ 30 ದಿನ ಇರತ್ತೆ.

ಪ್ರಶ್ನೆ: ನನ್ನ ಕಾರ್ಡಲ್ಲಿ ಫೈಲ್ ಡಿಲೀಟ್ ಮಾಡಿದ್ರೆ ಡಿಲೀಟ್ ಆಗ್ತದೆ, ತೆಗ್ದು ಮತ್ತೆ ಹಾಕಿದ್ರೆ ವಾಪಸ್ ಬಂದಿರ್ತದೆ. ಫಾರ್ಮ್ಯಾಟೂ ಆಗಲ್ಲ. ವೈರಸ್ಸಾ?
– ಹೊಳಲ್ಕೆರೆ

ಉತ್ತರ: ವೈರಸ್ ಅಲ್ಲ, ಕಾರ್ಡಿನ ಆಯಸ್ಸು ಮುಗಿದಿದೆ. ಸವೆದುಹೋದ ಕಾರ್ಡುಗಳಲ್ಲಿ ಕೆಲವು, ಇನ್ನು ಬರೆದ್ರೆ ಇರೋದೂ ಹೋಗತ್ತೆ ಅಂತ ಓದೋಕೆ ಮಾತ್ರ ಬಿಟ್ಟು ಬರೆಯೋದನ್ನ ಕಂಟ್ರೋಲರೇ ಬಂದ್ ಮಾಡತ್ತೆ. ಈ ಅಂಕಣದಲ್ಲಿ ಬರ್ದೋರೆಲ್ಲರಿಗಿಂತ ನಿಮ್ಮ ಸ್ಥಿತಿ ಒಳ್ಳೇದು, ಇದ್ದದ್ದೆಲ್ಲಾ ಓದಕ್ಕೆ ಬರತ್ತೆ, ಇವತ್ತೇ ಕಾಪಿ ಮಾಡಿ. ಇದನ್ನ ಬಿಡಿಸಿ ಸರಿಮಾಡೋ ಟೂಲ್ ಅಂತ ಇಂಟರ್ನೆಟ್ಟಲ್ಲಿ ಹುಡುಕ್ಬೇಡಿ, ಸರಿಯಾದ್ರೂ ಆ ಕಾರ್ಡು ನಂಬೋ ಹಾಗಿಲ್ಲ. ವಾರಂಟಿ ಇದ್ರೆ ಬದಲಾಯಿಸಿ ಕೊಡ್ತಾರೆ, ಆದ್ರೆ ಅದರಲ್ಲಿರೋದನ್ನ ನಿಮ್ಮಿಂದ ಅಳಿಸಕ್ಕಾಗಲ್ಲ ಅನ್ನೋದು ನೆನಪಿರ್ಲಿ, ಮನೆ ಫೋಟೋ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಏನಾದ್ರೂ ಇದ್ರೆ ವಾರಂಟಿಗೆ ಕಳಿಸೋದೂ ಬೇಡ, ಯಾರಿಗೂ ಕೊಡೋದೂ ಬೇಡ, ಕಟಿಂಗ್ ಪ್ಲೇಯರಲ್ಲಿ ನಾಲ್ಕು ತುಂಡು ಮಾಡಿ ಹಾಕಿ.